ಮಿಷನಕ್ಕನ ಕಾಲಿಗೆ ಸಿಕ್ಕ ರಜೆ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವಳು ಮಿಷನಕ್ಕ. ಅಂಗಡಿಯ ಮುಂದೆ ಹಾದುಹೋಗುವವರಿಗೆ ಮೊದಲು ಕಾಣುತ್ತಿದ್ದದ್ದು ಅವಳ ಮುಖವಲ್ಲ. ಹೊಲಿಗೆ ಮಿಷನ್ನಿನ ಕೆಳಗೆ, ಕಬ್ಬಿಣದ ಪೆಡಲಿನ ಮೇಲೆ, ಒಂದು ತುಸು ಮುಂದೆ ಒಂದು ತುಸು ಹಿಂದೆ ಇಟ್ಟು ಆಡಿಸುತ್ತಿದ್ದ ಎರಡು ಬರಿ ಪಾದಗಳು. ಮುಖ ಸದಾ ಬಟ್ಟೆಯ ಮೇಲೆ ಬಾಗಿರುತ್ತಿತ್ತು. ಅಳತೆ ಕೊಡಬೇಕಾದವರು, ಬಟ್ಟೆ ಆಯಿತೇ ಎಂದು ಕೇಳಬೇಕಾದವರು, ಸುಮ್ಮನೆ ಹರಟೆಗೆ ಬಂದವರು, ಎಲ್ಲರೂ ಆ ಪಾದಗಳು ನಿಲ್ಲುವುದನ್ನೇ ಕಾಯುತ್ತಿದ್ದರು. ಪಾದ ನಿಂತರೆ ಇನ್ನು ಮಾತಾಡಬಹುದು ಎಂದರ್ಥ.

ಅಂಗಡಿ ಎಂದರೆ ಬೀದಿಗೆ ಬಾಯಿ ತೆರೆದ ಒಂದೇ ಕೋಣೆ. ಒಂದು ಎತ್ತರದ ಮೆಟ್ಟಿಲು ಹತ್ತಿ ಒಳಗೆ ಹೋದರೆ ಎಡಕ್ಕೆ ಬಟ್ಟೆ ಕತ್ತರಿಸುವ ಮೇಜು, ಬಲಕ್ಕೆ ಮಿಷನ್, ನಡುವೆ ಒಬ್ಬರು ಮೈ ಓರೆ ಮಾಡಿ ನುಸುಳುವಷ್ಟು ದಾರಿ. ಗೋಡೆಯ ಮೊಳೆಗಳಿಗೆ ಶಾಲೆಯ ಸಮವಸ್ತ್ರಗಳು ತೋಳು ಚಾಚಿಕೊಂಡು ನೇತಾಡುತ್ತಿದ್ದವು. ಬಂದವರು ಕೂರಲು ಬಾಗಿಲ ಪಕ್ಕ ಒಂದು ಬೆಂಚು. ಮನೆ ಅದೇ ಬೀದಿಯ ಆಚೆ ಬದಿಗೆ, ಸ್ವಲ್ಪ ಮುಂದೆ. ಬೆಳಿಗ್ಗೆ ರಸ್ತೆ ದಾಟಿ ಬಂದು ತಾನೇ ಬೀಗ ತೆಗೆಯುವುದು, ಸಂಜೆ ತಾನೇ ಬೀಗ ಹಾಕಿ ರಸ್ತೆ ದಾಟುವುದು. ಮದುವೆಗೆ ಮುಂಚಿನಿಂದಲೂ ಅವಳ ದಿನಕ್ಕೆ ಇದ್ದ ಎರಡು ಅಂಚುಗಳು ಅವು.

ಕೆಲಸ ಕಲಿಸಿದವಳು ದೊಡ್ಡಮ್ಮ. ಶಾಲೆ ಬಿಟ್ಟ ವರ್ಷ ಅವಳನ್ನು ಮಿಷನ್ ಮುಂದೆ ಕೂರಿಸಿ, ಸೂಜಿಯಿಂದ ದಾರ ತೆಗೆದು, ಬಟ್ಟೆ ಮುಟ್ಟಲು ಬಿಡದೆ, ಬರಿ ಪೆಡಲು ತುಳಿಸಿದ್ದಳು. "ಕೈ ಹೇಗೂ ಕಲಿಯುತ್ತೆ ಕಣೇ, ಅದಕ್ಕೆ ಕಣ್ಣಿನ ಸಹಾಯ ಇದೆ. ಕಾಲು ಕತ್ತಲಲ್ಲಿ ಕೆಲಸ ಮಾಡೋದು" ಎನ್ನುತ್ತಿದ್ದಳು. ಹಿಮ್ಮಡಿ ಒಂದು ಚೂರು ಮುಂಚೆ ಇಳಿದರೆ ಸಾಕು, ಗಾಲಿ ಹಿಂದಕ್ಕೆ ತಿರುಗಿ ದಾರ ಫಟ್ಟೆಂದು ಕಡಿಯುತ್ತದೆ. ಹೊಸಬರನ್ನು ಗುರುತಿಸುವುದೇ ಆ ಫಟ್ಟಿನಿಂದ. ಆ ಸದ್ದು ಅವಳ ಮಿಷನ್ನಿನಿಂದ ನಿಂತು ಯಾವ ಕಾಲವಾಗಿತ್ತೋ.

ಗಂಡ ಬಸ್ಸಿನ ಕಂಡಕ್ಟರು. ಅವನು ಪರಿಚಯವಾದದ್ದೂ ಅಂಗಡಿಯಲ್ಲೇ. ಖಾಕಿ ಅಂಗಿಯ ಜೇಬು ಚಿಲ್ಲರೆ ಭಾರಕ್ಕೆ ಹರಿಯಿತು ಎಂದು ಹೇಳಿಕೊಂಡು ಬರುತ್ತಿದ್ದ. ಬಂದ ವಾರದಲ್ಲೇ ಮತ್ತೆ ಹರಿಯುತ್ತಿತ್ತು. ಕೊನೆಗೊಮ್ಮೆ ದೊಡ್ಡಮ್ಮ ಜೇಬನ್ನು ಬೆಳಕಿಗೆ ಹಿಡಿದು, "ಇದು ಹರಿದಿದ್ದಲ್ಲಪ್ಪ, ಬ್ಲೇಡಲ್ಲಿ ಕೊಯ್ದಿದ್ದು. ಇಷ್ಟು ಕಷ್ಟ ಯಾಕೆ, ಮನೇವ್ರನ್ನ ಕರ್ಕೊಂಡು ಬಾ" ಎಂದಿದ್ದಳು. ಈಗ ಅವನು ನಿವೃತ್ತ. ಆದರೆ ಬಾಯಿಗೆ ಮಾತ್ರ ನಿವೃತ್ತಿ ಆಗಿರಲಿಲ್ಲ.

ಕಾಯಿಲೆ ಅವಳ ಹತ್ತಿರ ಬಂದದ್ದು ಒಂದು ಚಪ್ಪಲಿಯ ನೆವದಲ್ಲಿ.

ರಸ್ತೆ ದಾಟಿ ಈಚೆ ಬಂದು ನೋಡಿದರೆ ಎಡಗಾಲು ಬರಿಗಾಲು. ಚಪ್ಪಲಿ ರಸ್ತೆಯ ನಡುವೆ ಬಿದ್ದಿರುತ್ತಿತ್ತು. ಜಾರಿದ್ದು ಗೊತ್ತೇ ಆಗುತ್ತಿರಲಿಲ್ಲ. ಎರಡು ಮೂರು ಸಲ ಹೀಗಾದ ಮೇಲೆ ಅವಳು ಚಪ್ಪಲಿ ಅಂಗಡಿಯವನ ಜೊತೆ ಜಗಳಕ್ಕೆ ನಿಂತಳು.

"ಏನಪ್ಪಾ ಇದು, ಸಡಿಲ ಮಾಲು ಕೊಟ್ಟಿದೀಯ."

"ಅಕ್ಕಾ, ಬಲಗಾಲಿಂದು ಸರಿ ಇದೆ ತಾನೇ? ಎರಡೂ ಒಂದೇ ತಾಯಿ ಮಕ್ಕಳು. ಎಡಗಾಲಿಂದು ಮಾತ್ರ ಹೆಂಗೆ ಕೆಡುತ್ತೆ?"

ಅವನು ನಕ್ಕ, ಅವಳೂ ನಕ್ಕಳು. ಮನೆಗೆ ಬರುವ ದಾರಿಯಲ್ಲಿ ಆ ಪ್ರಶ್ನೆ ಮಾತ್ರ ನಗದೆ ಜೊತೆಗೆ ಬಂತು. ಆಮೇಲೆ ಗಂಡನಿಗೆ ಅವಳ ಎಡಗಾಲು ನೆಲ ಕೆರೆಯುವ ಸದ್ದು ಕೇಳಿಸತೊಡಗಿತು. ಆಮೇಲೆ ಬಲಗೈ, ಸುಮ್ಮನೆ ತೊಡೆಯ ಮೇಲೆ ಇಟ್ಟಾಗ, ಏನನ್ನೋ ಎಣಿಸುವ ಹಾಗೆ ಅಲುಗತೊಡಗಿತು. ದೊಡ್ಡಾಸ್ಪತ್ರೆಯ ಡಾಕ್ಟರು ಅವಳನ್ನು ಉದ್ದದ ಪಡಸಾಲೆಯಲ್ಲಿ ನಡೆಸಿ, ತಿರುಗಿಸಿ, ಮತ್ತೆ ನಡೆಸಿ, ಪಾರ್ಕಿನ್ಸನ್ ಕಾಯಿಲೆ ಎಂದರು. ಮಾತ್ರೆ ಬರೆದರು. ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು, ಪೂರ್ತಿ ಹೋಗುವ ಕಾಯಿಲೆ ಅಲ್ಲ, ನಿಧಾನಕ್ಕೆ ಬೆಳೆಯುತ್ತದೆ, ಓಡಾಡುತ್ತಿರಿ ಎಂದರು. ಮನೆಯವರ ಕಿವಿಯಲ್ಲಿ ಮೊದಲ ಮೂರು ಮಾತು ಉಳಿದವು. ಕೊನೆಯದು, ಎಲ್ಲರಿಗೂ ಹೇಳುವ ಮಾತಿನಂತೆ ಕೇಳಿಸಿದ್ದರಿಂದ, ಆಸ್ಪತ್ರೆಯಲ್ಲೇ ಬಿದ್ದುಹೋಯಿತು.

ಮಾತ್ರೆಯ ಬಲ ಇಳಿಯುವ ಹೊತ್ತಿಗೆ ಅವಳ ಪಾದ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಅದರಲ್ಲೂ ಬಾಗಿಲ ಹೊಸ್ತಿಲಲ್ಲಿ. ಮೈಯೆಲ್ಲ ಮುಂದಕ್ಕೆ ಹೋಗಲು ಹೊರಟಿರುತ್ತಿತ್ತು, ಪಾದಕ್ಕೆ ಮಾತ್ರ ಸುದ್ದಿಯೇ ತಲುಪಿರುತ್ತಿರಲಿಲ್ಲ. ಗಂಡ ಹಿಂದಿನಿಂದ ಹಳೆಯ ಅಭ್ಯಾಸದಲ್ಲಿ ಕೂಗುತ್ತಿದ್ದ.

"ರೈಟ್... ರೈಟ್!"

ವಿಚಿತ್ರವೆಂದರೆ ಆ ಕೂಗಿಗೆ ಪಾದ ಕಿತ್ತು ಬರುತ್ತಿತ್ತು.

"ರೀ, ನಾನೇನು ನಿಮ್ಮ ಬಸ್ಸಾ?"

"ಬಸ್ಸಾಗಿದ್ರೆ ಇಷ್ಟೊತ್ತಿಗೆ ಡಿಪೋಗೆ ಕಳಿಸಿ ಬೇರೆ ತಗೊಂಡಿರ್ತಿದ್ದೆ. ಹೋಗೇ, ಹಿಂದೆ ಗಾಡಿ ಕಾಯ್ತಿದೆ."

ಮನೆಯೊಳಗೆ ಇದು ನಗೆಯಾಗಿತ್ತು. ಬೀದಿಯಲ್ಲಿ ಆಗಲಿಲ್ಲ. ಒಂದು ಸಲ ಅವನು ರಸ್ತೆಯಲ್ಲಿ ಹಾಗೆ ಕೂಗಿದಾಗ ಪಕ್ಕದ ಅಂಗಡಿಯವರು ತಿರುಗಿ ನೋಡಿದರು. ಅಂದಿನಿಂದ ಅವಳು ಗಂಡ ಜೊತೆಗೆ ಬರುವುದೇ ಬೇಡವೆಂದಳು. "ಕೈ ಹಿಡ್ಕೊಂಡು ಬರೋರ ಹತ್ರ ಯಾರು ಅಳತೆ ಕೊಡ್ತಾರೆ? ಇವಳ ಕೈಯಲ್ಲಿ ಇನ್ನು ಬಟ್ಟೆ ಕೆಡುತ್ತೆ ಅಂತ ಆಚೆ ಬೀದಿಗೆ ಹೋಗ್ತಾರೆ." ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಪೂರ್ತಿ ನಿಜ ಇದಕ್ಕಿಂತ ಸರಳವಾಗಿತ್ತು. ತನ್ನ ಅಂಗಡಿಗೆ ತನ್ನ ಕಾಲ ಮೇಲೆ ತಾನೇ ಹೋಗಬೇಕು. ಅದೊಂದನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಅಂಗಡಿಯೊಳಗೆ ಹೋಗಿ ಸ್ಟೂಲಿನ ಮೇಲೆ ಕೂತು ಪಾದವನ್ನು ಪೆಡಲಿನ ಮೇಲಿಟ್ಟರೆ ಕಾಯಿಲೆ ಎಲ್ಲಿಗೋ ಹೊರಟುಹೋಗುತ್ತಿತ್ತು. ಮೆಟ್ಟಿಲಿನಿಂದ ಸ್ಟೂಲಿನವರೆಗೆ ಒದ್ದೆ ಸಿಮೆಂಟಿನಲ್ಲಿ ಕಾಲಿಟ್ಟವಳಂತೆ ಬಂದವಳು, ಕೂತ ಮೇಲೆ ಹಳೆಯ ಹಾಗೇ ತುಳಿಯುತ್ತಿದ್ದಳು. ಗಾಲಿ ಒಮ್ಮೆ ಹೊರಟರೆ ಅದೇ ಪಾದವನ್ನು ಕರೆದೊಯ್ಯುತ್ತಿತ್ತು, ಪಾದ ಗಾಲಿಯನ್ನು. ಶಾಲೆಯ ಆಯಮ್ಮ ಒಬ್ಬಳು ಬಟ್ಟೆ ತೆಗೆದುಕೊಳ್ಳಲು ಬಂದವಳು ಎರಡನ್ನೂ ನೋಡಿ, "ಬರೋವಾಗ ಹಂಗೆ, ಕೂತ್ರೆ ಹಿಂಗೆ. ನಿಮ್ಮ ಕಾಯಿಲೆಗೆ ರಜಾ ಕೆಲಸ ಎಲ್ಲಾ ಗೊತ್ತು ಬಿಡಿ ಮಿಷನಕ್ಕ" ಎಂದು ಚುಚ್ಚಿದಳು. ಮಿಷನಕ್ಕ ಇನ್ನೊಂದು ಅಂಗಿಯನ್ನು ಸೂಜಿಯಡಿ ಎಳೆದುಕೊಂಡಳು. ಅವಳಿಗೂ ಅದು ಅರ್ಥವಾಗಿರಲಿಲ್ಲ.

ಅರ್ಥ ಮಾಡಿಕೊಂಡವಳು ಮಗಳು. ಒಬ್ಬಳೇ ಮಗಳು, ಪಕ್ಕದ ಬೀದಿಗೇ ಕೊಟ್ಟದ್ದು. ಅವಳು ಹೇಳಿದ್ದು ಎಲ್ಲರಿಗೂ ಸರಿ ಎನಿಸಿತು. "ಹುಟ್ಟಿದಾಗಿಂದ ನೋಡ್ತಿದೀನಿ, ತುಳಿದಿದ್ದೇ ತುಳಿದಿದ್ದು. ಯಾವ ಕಾಲು ತಡ್ಕೊಳ್ಳುತ್ತೆ? ಸವೆದು ಹೋಗಿದೆ ಅಮ್ಮ. ಇರೋದನ್ನಾದ್ರೂ ಉಳಿಸ್ಕೋಬೇಕು." ಬೆಲ್ಟು ಸವೆಯುತ್ತದೆ, ಸೂಜಿ ಸವೆಯುತ್ತದೆ, ಕತ್ತರಿಯ ಬಾಯಿ ಸವೆಯುತ್ತದೆ, ಹೊಲಿಗೆಯವರ ಮನೆಯಲ್ಲಿ ಕಾಲೂ ಸವೆದಿರಬೇಕು ಎಂದು ನಂಬುವುದು ಕಷ್ಟವಿರಲಿಲ್ಲ. ಡಾಕ್ಟರನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಷ್ಟು ಸ್ಪಷ್ಟವಾದದ್ದನ್ನು ಯಾರು ಕೇಳುತ್ತಾರೆ?

ಅಳಿಯನದು ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟುಹೋದ ನೀರಿನ ಪಂಪುಗಳನ್ನು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರ ಸುತ್ತಿಕೊಡುವ ಕೆಲಸ. ಮಾತು ಕಡಿಮೆ. ಮದುವೆಯಾದಾಗಿನಿಂದ ಅತ್ತೆಯ ಮುಂದೆ ಅವನು ಆಡಿದ ಮಾತನ್ನೆಲ್ಲ ಒಂದು ಸಂಜೆಯಲ್ಲಿ ಹೇಳಿ ಮುಗಿಸಬಹುದಿತ್ತು. ಅಂಥವನು ಒಂದು ಭಾನುವಾರ ಗೋಣಿಚೀಲದಲ್ಲಿ ಏನನ್ನೋ ಹೊತ್ತು ಅಂಗಡಿಗೆ ಬಂದ. ಮಿಷನ್ನಿಗೆ ಕೂರುವಂಥ ಪುಟ್ಟ ಮೋಟಾರು. ಹಳೆಯದೊಂದನ್ನು ತಂದು ತಾನೇ ಕೂತು ತಂತಿ ಸುತ್ತಿ, ಹಸಿರು ಬಣ್ಣ ಬಳಿದು ಹೊಸದು ಮಾಡಿದ್ದ. ಪೆಡಲಿನ ಬೆಲ್ಟು ಬಿಚ್ಚಿ ಮೋಟಾರಿಗೆ ಬೇರೆ ಬೆಲ್ಟು ಹಾಕಿದ. ಕಾಲಡಿಗೆ ಒಂದು ಸಣ್ಣ ಸ್ವಿಚ್ಚು ಇಟ್ಟ.

"ಹೆಬ್ಬೆರಳು ತಾಗಿಸಿದ್ರೆ ಸಾಕು ಅತ್ತೆ. ಇನ್ಮೇಲೆ ಕಾಲಿಗೆ ರಜೆ."

ಅವಳು ಹೆಬ್ಬೆರಳು ತಾಗಿಸಿದಳು. ಮಿಷನ್ ಗುಂಯ್ ಎಂದು ಓಡಿತು. ಅವಳ ಕಣ್ಣು ತುಂಬಿತು. ಹುಡುಗಿಯಾಗಿದ್ದಾಗಿನಿಂದ ದುಡಿದವಳಿಗೆ ಯಾರೂ, ಯಾವತ್ತೂ, ಇನ್ನು ಸಾಕು ಎಂದಿರಲಿಲ್ಲ. ಬಂದ ಗಿರಾಕಿಗಳಿಗೆಲ್ಲ ಅವಳು ಹೊಲಿಗೆ ನಿಲ್ಲಿಸಿ ತೋರಿಸುತ್ತಿದ್ದಳು: "ನಮ್ಮಳಿಯಂದಿರು ತಾವೇ ಮಾಡಿಕೊಟ್ಟಿದ್ದು. ಅಂಗಡೀಲಿ ಸಿಗೋದಲ್ಲ."

ಒಂದು ರಜೆಯ ಬೆನ್ನಿಗೆ ಉಳಿದ ರಜೆಗಳೂ ಬಂದವು. ಮಗಳು ಊಟ ಕಳಿಸತೊಡಗಿದಳು, ಮಧ್ಯಾಹ್ನ ಮನೆಗೆ ಹೋಗಿ ಬರುವುದು ತಪ್ಪಿತು. ಅಳಿಯ ಸ್ಟೂಲಿಗೆ ಗಾಲಿ ಹಾಕಿಸಿದ, ಮಿಷನ್ನಿನಿಂದ ಮೇಜಿಗೆ ಏಳದೆ ಜಾರಿಹೋಗಬಹುದಾಯಿತು. ಗಂಡ ಕುಡಿಯುವ ನೀರನ್ನು ಕೈಗೆಟುಕುವ ಹಾಗೆ ಇಟ್ಟ. ಮನೆಯಲ್ಲಿ ಅವಳು ಏಳುವ ಮೊದಲೇ ಬೇಕಾದದ್ದು ಎದುರಿಗೆ ಬರುತ್ತಿತ್ತು. ಮೂವರೂ ಪೈಪೋಟಿಗೆ ಬಿದ್ದವರಂತೆ ಅವಳ ಕಾಲಿನಿಂದ ಒಂದೊಂದೇ ಕೆಲಸವನ್ನು ಇಸಿದುಕೊಂಡರು. ಯಾರ ಮೇಲೂ ದೂರು ಹೇಳುವ ಹಾಗಿರಲಿಲ್ಲ.

ಅವಳಿಗೆ ಮೊದಲು ತಿಳಿದದ್ದು ಅಳತೆ ಟೇಪಿನಿಂದ. ಕೆಳಗೆ ಬಿದ್ದ ಟೇಪು, ಬಟ್ಟೆ ಚೂರು, ಸೀಮೆಸುಣ್ಣ ಯಾವುದಕ್ಕೂ ಬಗ್ಗುವ ಅಭ್ಯಾಸ ಅವಳಿಗಿರಲಿಲ್ಲ. ಕಾಲ್ಬೆರಳಲ್ಲೇ ಕವಚಿ ಹಿಡಿದು ಮೇಲೆತ್ತಿ ಕೈಗೆ ಕೊಡುತ್ತಿದ್ದಳು. ಮಗಳು ಚಿಕ್ಕವಳಿದ್ದಾಗ "ಅಮ್ಮಂಗೆ ನಾಲ್ಕು ಕೈ" ಎನ್ನುತ್ತಿದ್ದಳು. ಆ ದಿನ ಟೇಪು ಜಾರಿತು. ಎಡಗಾಲು ಚಾಚಿದಳು. ಬೆರಳುಗಳು ಟೇಪಿನ ಮೇಲೆ ಹೋಗಿ ಕೂತವು, ಆದರೆ ಮಡಚಲಿಲ್ಲ. ಬಲಗಾಲು ಹಿಡಿಯಿತು, ಎತ್ತುವಷ್ಟರಲ್ಲಿ ಬಿಟ್ಟಿತು. ಅವಳು ಕಾಲಿನ ಕಡೆ ಬಗ್ಗಿ ನೋಡಿದಳು. ಮೀನಖಂಡ ತೆಳ್ಳಗಾಗಿತ್ತು. ಎಷ್ಟು ದಿನದಿಂದ ಅದನ್ನು ನೋಡಿರಲಿಲ್ಲ?

ಕಾಯಿಲೆ ಬೆಳೆಯುತ್ತಿದೆ, ಅಷ್ಟೇ, ಎಂದುಕೊಂಡಳು. ಹಾಗೆ ಅಂದುಕೊಂಡರೆ ಮೋಟಾರಿನ ಮೇಲೆ ಅನುಮಾನ ಪಡುವ ಪ್ರಮೇಯ ಬರುತ್ತಿರಲಿಲ್ಲ. ಆದರೆ ಕೆಲವು ಮಧ್ಯಾಹ್ನ, ಬೀದಿ ಖಾಲಿಯಿದ್ದಾಗ, ಬೆಲ್ಟಿಲ್ಲದ ಬರಿ ಪೆಡಲನ್ನು ತುಳಿಯಬೇಕೆಂದು ಅವಳ ಹಿಮ್ಮಡಿ ತುಡಿಯುತ್ತಿತ್ತು. ಇಷ್ಟು ಮಾಡಿಕೊಟ್ಟಿದ್ದಾರೆ, ಇದೇನು ಹುಚ್ಚು ಎಂದು ಸುಮ್ಮನಾಗುತ್ತಿದ್ದಳು.

ಬಿದ್ದದ್ದು ಅಂಗಡಿಯ ಮೆಟ್ಟಿಲಿನ ಮೇಲೆ. ಶಾಲೆ ಶುರುವಾಗುವ ಮುಂಚಿನ ವಾರ, ಬೆಂಚಿನ ತುಂಬ ಜನ. ಎಡಗಾಲನ್ನು ಮೆಟ್ಟಿಲಿಗೆ ಎತ್ತಿದಳು. ಪಾದದ ಮುಂಭಾಗ ಮೇಲೇಳದೆ ಮೆಟ್ಟಿಲಿನ ಅಂಚಿಗೆ ಸಿಕ್ಕಿತು. ಕೈಯಲ್ಲಿ ಬಟ್ಟೆಯ ಗಂಟಿತ್ತು. ಗಂಟನ್ನು ಬಿಟ್ಟಿದ್ದರೆ ನೆಲ ಹಿಡಿಯಬಹುದಿತ್ತು, ಬಿಡಲಿಲ್ಲ. ಗದ್ದ ಹೋಗಿ ಮೇಜಿನ ಕಾಲಿಗೆ ಬಡಿಯಿತು. ಬಿಳಿ ಅಂಗಿಗಳಿಗೆ ರಕ್ತವಾಯಿತು. ಬೆಂಚಿನ ಮೇಲಿದ್ದವರು ಎದ್ದು ನಿಂತರು. ಅವರಲ್ಲಿ ಒಬ್ಬಳು ಅಲ್ಲೇ ಮಗುವಿನ ಅಳತೆಯ ಬಟ್ಟೆಯನ್ನು ಮೆಲ್ಲಗೆ ಚೀಲಕ್ಕೆ ವಾಪಸು ಹಾಕಿಕೊಂಡದ್ದು, ನೆಲದ ಮೇಲಿದ್ದ ಮಿಷನಕ್ಕನಿಗೆ ಕಂಡಿತು.

ಗದ್ದಕ್ಕೆ ಹೊಲಿಗೆ ಬಿತ್ತು. ಕನ್ನಡಿ ಹಿಡಿದು ನೋಡಿ, "ದೂರದೂರ ಹಾಕಿದಾರೆ. ನಮ್ಮಂಗಡೀಲಿ ಹಿಂಗೆ ಹಾಕಿದ್ರೆ ವಾಪಸ್ ಮುಖಕ್ಕೆ ಎಸೀತಾರೆ" ಎಂದಳು. ಗಂಡ ನಕ್ಕ. ಮಗಳು ನಗಲಿಲ್ಲ.

"ಸಾಕಮ್ಮ. ಅಂಗಡಿ ಮುಚ್ಚೋಣ."

"ಬೇಡ ಕಣೇ."

"ಇನ್ನೊಂದು ಸಲ ಬಿದ್ರೆ ನಾನು ಕೇಳಲ್ಲ. ಬೀಗ ಹಾಕಿ ಕೀ ನನ್ನ ಹತ್ರ ಇಟ್ಕೋತೀನಿ. ಮಿಷನ್ ಯಾರಿಗಾದ್ರೂ ಕೊಡ್ತೀನಿ. ಆಣೆಗೂ."

ಅವಳ ಕಣ್ಣಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಹೆದರಿದವರ ಹತ್ತಿರ ವಾದ ಮಾಡಲಾಗುವುದಿಲ್ಲವೆಂದು ತಾಯಿಗೆ ಗೊತ್ತಿತ್ತು.

ಗದ್ದದ ಹೊಲಿಗೆ ಬಿಚ್ಚಿಸಲು ಮಗಳ ಜೊತೆ ಹೋದಾಗ ಡಾಕ್ಟರು ಮಿಷನಕ್ಕನ ನಡಿಗೆ ನೋಡಿ ಫಿಸಿಯೋಥೆರಪಿ ಕೋಣೆಗೆ ಕಳಿಸಿದರು. ಅಲ್ಲಿದ್ದವಳು ಮಗಳ ವಯಸ್ಸಿನ ಹೆಂಗಸು. ಮಿಷನಕ್ಕನನ್ನು ಎತ್ತರದ ಮಂಚದ ಮೇಲೆ ಕೂರಿಸಿ, ತಾನು ಕೆಳಗೆ ಕೂತು, ಅವಳ ಪಾದದಡಿಗೆ ಅಂಗೈ ಇಟ್ಟಳು.

"ಒತ್ತಿ ಅಮ್ಮ."

"ಒತ್ತಿದೀನಲ್ಲ."

ಆಕೆ ಮುಖ ಬದಲಿಸದೆ ಇನ್ನೊಂದು ಪಾದಕ್ಕೆ ಕೈ ಇಟ್ಟಳು. ಆಮೇಲೆ ನೆಲದ ಮೇಲೆ ಒಂದು ಟವೆಲ್ ಹಾಸಿ, ಕಾಲ್ಬೆರಳಲ್ಲಿ ಮಡಚಿ ಮಡಚಿ ಹತ್ತಿರಕ್ಕೆ ಎಳೆದುಕೊಳ್ಳಲು ಹೇಳಿದಳು. ಟವೆಲ್ ಇದ್ದಲ್ಲೇ ಇತ್ತು.

"ಏನು ಕೆಲಸ ನಿಮ್ದು?"

"ಹೊಲಿಗೆ."

"ಕಾಲಲ್ಲಿ ತುಳಿಯೋ ಮಿಷನ್ನಾ? ಒಳ್ಳೇದು. ಹಾಗಿದ್ರೂ ಪಾದ ಯಾಕೆ ಇಷ್ಟು ಸೋತಿದೆ?"

"ಈಗ ತುಳಿಯಲ್ಲ. ಮೋಟಾರಿದೆ."

"ಯಾರು ನಿಲ್ಸಿದ್ದು?"

ಮಗಳು ಬಾಯಿ ತೆರೆಯುವಷ್ಟರಲ್ಲಿ ಮಿಷನಕ್ಕ, "ನಾನೇ ನಿಲ್ಸಿದ್ದು" ಎಂದುಬಿಟ್ಟಳು.

ಆಕೆ ಬೈಯಲಿಲ್ಲ. ಪಕ್ಕದಲ್ಲಿ ಬಂದು ಕೂತು ನಿಧಾನಕ್ಕೆ ಹೇಳಿದಳು: "ಕಾಯಿಲೆ ನಿಮ್ಮ ಕಾಲಲ್ಲಿಲ್ಲ ಅಮ್ಮ, ತಲೇಲಿದೆ. ಅದು ತನ್ನ ಪಾಡಿಗೆ ತಾನು ಮುಂದೆ ಹೋಗ್ತಿರುತ್ತೆ. ಆದ್ರೆ ಪಾದದಲ್ಲಿ ಬಲ ಇದ್ರೆ, ನೆಲ ಒತ್ತಿ ಹೆಜ್ಜೆ ಎತ್ತಕ್ಕೆ, ಮುಗ್ಗರಿಸಿದಾಗ ತಡ್ಕೊಳ್ಳಕ್ಕೆ ಒಂದು ಆಸರೆ. ನಿಮ್ಗೆ ಆ ಆಸರೆ ಇತ್ತು. ಈಗ ಹೋಗಿರೋದ್ರಲ್ಲಿ ಕಾಯಿಲೆ ಪಾಲೂ ಇದೆ, ಸುಮ್ನೆ ಇಟ್ಟಿದ್ರ ಪಾಲೂ ಇದೆ."

"ಯಾವುದು ಎಷ್ಟು?" ಮಗಳು ಕೇಳಿದಳು. ಅವಳ ದನಿ ಒಣಗಿತ್ತು.

"ಅದನ್ನ ಹೇಳಕ್ಕಾಗಲ್ಲ. ಕಾಯಿಲೆ ತಗೊಂಡಿದ್ದನ್ನ ವಾಪಸ್ ಕೊಡ್ಸೋದು ನನ್ನ ಕೈಲಿಲ್ಲ. ಇನ್ನೊಂದಕ್ಕೆ ಪ್ರಯತ್ನ ಮಾಡ್ಬಹುದು."

"ಮತ್ತೆ ತುಳಿದ್ರೆ ನಡಿಗೆ ಸರಿಹೋಗುತ್ತಾ?" ಈ ಸಲ ಕೇಳಿದ್ದು ಮಿಷನಕ್ಕ.

"ಹಾಗಂತ ಮಾತು ಕೊಡಲ್ಲ ಅಮ್ಮ. ಬೇರೆ ವ್ಯಾಯಾಮಾನೂ ಹೇಳಿಕೊಡ್ತೀನಿ, ನಡಿಗೆ ಅಭ್ಯಾಸಾನೂ ಮಾಡ್ಬೇಕು. ಆದ್ರೆ ತುಳಿಯೋದನ್ನ ನಿಲ್ಸೋ ಕಾರಣ ಮಾತ್ರ ಇರ್ಲಿಲ್ಲ."

ಇಬ್ಬರೂ ಬಸ್ಸು ಹತ್ತಿದರು. ಇಳಿಯುವ ಮುಂಚೆ ಮಗಳು ಕಿಟಕಿಯ ಕಡೆ ನೋಡುತ್ತಲೇ, "ಇವರಿಗೆ ಹೆಂಗಮ್ಮ ಹೇಳೋದು?" ಎಂದಳು. ಅಳಿಯನ ಬಗ್ಗೆ. ತಾಯಿಯೂ ಅದನ್ನೇ ಯೋಚಿಸುತ್ತಿದ್ದಳು. ಬೀದಿಗೆಲ್ಲ ತೋರಿಸಿ ಹೊಗಳಿದ್ದು ತಾನು. ಅಳಿಯನ ಕೈಕೆಲಸವನ್ನು ಅತ್ತೆಯಾದವಳು ಯಾವ ಬಾಯಲ್ಲಿ ಬೇಡವೆನ್ನುವುದು?

ಭಾನುವಾರ ಅಳಿಯ ಊಟಕ್ಕೆ ಬಂದ. ಮಿಷನಕ್ಕ ಎರಡು ಸಲ ಬಾಯಿ ತೆರೆದು ಎರಡು ಸಲವೂ "ಇನ್ನೊಂಚೂರು ಹಾಕಿಸ್ಕೊಳ್ಳಿ" ಎಂದು ಮುಗಿಸಿದಳು. ಗಂಡ ತನ್ನ ಕಡೆಯಿಂದ ಪ್ರಯತ್ನಿಸಿದ.

"ನೋಡಿ ಅಳಿಯಂದಿರೇ, ನಮ್ಮ ಡಿಪೋದಲ್ಲಿ ಒಂದು ಬಸ್ಸಿತ್ತು. ಓಡಿಸ್ತಾ ಇದ್ದಷ್ಟು ದಿನ ಚೆನ್ನಾಗಿತ್ತು. ಶೆಡ್ಡಲ್ಲಿ ನಿಲ್ಸಿದ್ರು ನೋಡಿ..."

"ಅಪ್ಪಾ, ಬಸ್ಸು ಬಿಡು" ಎಂದು ಮಗಳು ತಡೆದಳು. ತಟ್ಟೆ ನೋಡುತ್ತ ಒಂದೇ ಉಸಿರಿಗೆ ಹೇಳಿಬಿಟ್ಟಳು: ಆಸ್ಪತ್ರೆಯಲ್ಲಿ ಕೇಳಿದ್ದು, ಟವೆಲ್, ಎಲ್ಲ. "ಸವೆದಿದೆ ಅಂತ ಮೊದಲು ಅಂದಿದ್ದು ನಾನೇ, ನಿಮ್ದೇನೂ ತಪ್ಪಿಲ್ಲ" ಎಂದು ಸೇರಿಸಿದಳು.

ಅಳಿಯ ಕೈ ತೊಳೆದು ಬಂದು ಕೂತ. ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತ ಹೇಳಿದ.

"ಪಂಪು ಬಂದ್ರೆ ಬಿಚ್ಚಿ ನೋಡದೆ ಒಂದು ತಂತಿ ಮುಟ್ಟಲ್ಲ ಅತ್ತೆ ನಾನು. ನಿಮ್ಮ ವಿಷ್ಯದಲ್ಲಿ ನೋಡದೇನೇ ರಿಪೇರಿ ಮಾಡಿಬಿಟ್ಟೆ."

"ಹಂಗನ್ಬೇಡಿ. ನಂಗೂ ಬೇಕಾಗಿತ್ತು ಅದು. ಆಸೆಪಟ್ಟು ಕೂತೆ."

ಅವನು ಅಂದೇ ಅಂಗಡಿಗೆ ಹೋಗಿ ಮೋಟಾರು ಬಿಚ್ಚಿದ. ಹಳೆಯ ಬೆಲ್ಟು ಒಣಗಿ ಬಿರುಕು ಬಿಟ್ಟಿತ್ತು. ಹೊಸದು ತಂದು ಹಾಕಿದ, ಪೆಡಲಿನ ಕೀಲಿಗೆ ಎಣ್ಣೆ ಬಿಟ್ಟ. ಸ್ಟೂಲಿನ ಗಾಲಿಗಳನ್ನೂ ಕೇಳದೆಯೇ ಕಳಚಿದ. ಮೋಟಾರನ್ನು ಏನು ಮಾಡುತ್ತೀರಿ ಎಂದು ಅವಳು ಕೇಳಿದಾಗ, "ತಾಮ್ರ ಬಿಚ್ಚಿ ಬೇರೇದಕ್ಕೆ ಸುತ್ತುತೀನಿ" ಎಂದು ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಹೋದ. ಆಮೇಲೆ ಬಹಳ ದಿನ ಅವನು ಅಂಗಡಿಯ ಕಡೆ ಬರಲಿಲ್ಲ. ಮಗಳನ್ನು ಕೇಳಿದರೆ "ಕೆಲಸ ಜಾಸ್ತಿ" ಎನ್ನುತ್ತಿದ್ದಳು.

ಮೋಟಾರು ಬಿಚ್ಚಿದ ಮರುದಿನ ಬೆಳಿಗ್ಗೆ ಮಿಷನಕ್ಕ ದಾರ ಪೋಣಿಸಿ, ತಲೆದಿಂಬಿನ ಚೀಲವೊಂದನ್ನು ಸೂಜಿಯಡಿ ಇಟ್ಟು ಪೆಡಲು ಒತ್ತಿದಳು. ಗಾಲಿ ಅರೆ ಸುತ್ತು ಹೋಗಿ, ತಡೆದು, ಹಿಂದಕ್ಕೆ ತಿರುಗಿತು. ದಾರ ಫಟ್ಟೆಂದಿತು.

ಅವಳು ತಲೆಯೆತ್ತಿ ಬೀದಿ ನೋಡಿದಳು, ಯಾರಿಗಾದರೂ ಕೇಳಿಸಿತೇ ಎಂದು. ಬೆಂಚಿನ ಮೇಲೆ ಗಂಡನೊಬ್ಬನೇ ಕೂತಿದ್ದ. ಅವನಿಗೆ ಕೇಳಿಸಿತ್ತು. ಅವನು ಏನಾದರೂ ತಮಾಷೆ ಮಾಡಿದ್ದರೆ ಒಳ್ಳೆಯದಿತ್ತು, ಮಾಡಲಿಲ್ಲ. ಅವಳು ಮತ್ತೆ ಪೋಣಿಸಿದಳು, ಮತ್ತೆ ಫಟ್ಟೆಂದಿತು. ಆಗ ದಾರ ತೆಗೆದಳು, ಬಟ್ಟೆ ತೆಗೆದಳು. ಕೈಯಲ್ಲಿ ಗಾಲಿಯನ್ನು ಮುಂದಕ್ಕೆ ತಳ್ಳಿಕೊಟ್ಟು, ಬರಿ ಪೆಡಲು ತುಳಿಯತೊಡಗಿದಳು. ಸೂಜಿ ಏನನ್ನೂ ಹೊಲಿಯದೆ ಏರಿಳಿಯಿತು. ಬೀದಿಯ ಮಕ್ಕಳು ನಿಂತು ನೋಡಿ ಹೋದರು.

ದಿನಗಳು ಹೀಗೇ ಹೋದವು. ಮನೆಯಲ್ಲಿ ಟವೆಲ್ಲಿನ ಮೇಲೆ ಕಾಲ್ಬೆರಳು, ಕುರ್ಚಿ ಹಿಡಿದು ಹಿಮ್ಮಡಿ ಎತ್ತುವುದು, ಪಡಸಾಲೆಯಲ್ಲಿ ಹಿಮ್ಮಡಿ ಮೊದಲು ಊರಿ ನಡೆಯುವುದು, ಅಂಗಡಿಯಲ್ಲಿ ಪೆಡಲು. ಟವೆಲ್ ಮೊದಲು ಸುಕ್ಕಾಯಿತು, ಆಮೇಲೆ ಒಂದು ಮಡಿಕೆ ಹತ್ತಿರ ಬಂತು. ಬಲಗಾಲು ಬೇಗ ಕಲಿಯಿತು. ಎಡಗಾಲು ಹಿಂದೆಯೇ ಉಳಿಯಿತು. ಗಾಲಿ ಹಿಂದಕ್ಕೆ ತಿರುಗುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ತಂದಳು, ಅದು ಕಳಚಲಿಲ್ಲ. ಆದರೆ ಅದೇ ದಿನಗಳಲ್ಲಿ ಬಲಗೈಯ ನಡುಕದ ಎಣಿಕೆ ಹೆಚ್ಚಿತು, ಗುಂಡಿ ಹಾಕುವುದು ನಿಧಾನವಾಯಿತು. ಒಂದು ಕಡೆ ಹೊಲಿದುಕೊಂಡು ಬಂದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತಿತ್ತು. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಕಂಡವರೂ ಕೇಳಲಿಲ್ಲ.

ಅಷ್ಟು ದಿನವೂ ಅವಳು ಅಂಗಡಿಗೆ ಹೋಗುವಾಗ ಗಂಡ ಹತ್ತಿಪ್ಪತ್ತು ಹೆಜ್ಜೆ ಹಿಂದೆ, ಸಂಬಂಧವೇ ಇಲ್ಲದವನಂತೆ ಬರುತ್ತಿದ್ದ. ಒಂದು ಬೆಳಿಗ್ಗೆ ಅವನು ಮಾತ್ರೆ ತರಲು ದೊಡ್ಡಾಸ್ಪತ್ರೆಗೆ ಹೋಗಬೇಕಾಯಿತು. ಮಗಳು ಬಂದಳು.

"ನೀನು ಹೋಗಮ್ಮ. ನಾನು ಹಿಂದೆ ಬರ್ತೀನಿ. ಹಿಡ್ಕೊಳ್ಳಲ್ಲ."

"ಪರೀಕ್ಷೆ ಮಾಡಕ್ಕೆ ಬಂದಿದೀಯಾ?"

"ಹೂಂ" ಎಂದಳು ಮಗಳು. "ನಾನು ಅವತ್ತು ಬೀಗದ ಬಗ್ಗೆ ಅಂದಿದ್ದು ನೆನಪಿದೆ ತಾನೇ?"

ಮಿಷನಕ್ಕ ಹೊಸ್ತಿಲು ದಾಟಿದಳು. ಜಗಲಿ ಇಳಿದಳು. ರಸ್ತೆಯ ಅಂಚಿಗೆ ಬಂದು ಎರಡೂ ಕಡೆ ನೋಡಿ ಹೆಜ್ಜೆ ಇಟ್ಟಳು. ಹಿಮ್ಮಡಿ ಮೊದಲು, ಆಮೇಲೆ ಬೆರಳು. ಎಲ್ಲ ಸರಿಯಾಗಿತ್ತು. ರಸ್ತೆಯ ನಡುವೆ, ಎಲ್ಲಿಂದಲೋ ಒಂದು ಸ್ಕೂಟರು ತಿರುವಿನಲ್ಲಿ ಬಂದು ಗಕ್ಕನೆ ಹಾರನ್ ಹೊಡೆಯಿತು. ಅವಳ ಪಾದಗಳು ಅಲ್ಲೇ ಅಂಟಿದವು.

ಮುಂದಕ್ಕೆ ಬಾಗಿದ ಮೈ, ಹಿಂದೆ ಉಳಿದ ಕಾಲು. ಮೊದಲಾಗಿದ್ದರೆ ಬೀಳುತ್ತಿದ್ದದ್ದು ಆಗಲೇ. ಬೆರಳುಗಳು ಚಪ್ಪಲಿಯೊಳಗೆ ಕವಚಿ ನೆಲವನ್ನು ಹಿಡಿದುಕೊಂಡದ್ದು ಅವಳಿಗೆ ತಿಳಿಯಿತು. ಬೀಳಲಿಲ್ಲ. ಆದರೆ ಹೊರಡಲೂ ಆಗಲಿಲ್ಲ. ಹಿಂದಿನಿಂದ ಮಗಳ ಹೆಜ್ಜೆ ಓಡಿ ಬಂತು. ಈಗ ಕೈ ಹಿಡಿದು ಎಳೆಯುತ್ತಾಳೆ, ಎಳೆದರೆ ಬೀಳುತ್ತೇನೆ ಎಂದು ಅವಳು ಕಣ್ಣು ಮುಚ್ಚಿದಳು. ಕೈ ತಾಗಲಿಲ್ಲ. ಕಣ್ಣು ತೆರೆದರೆ ಮಗಳು ಅವಳನ್ನು ದಾಟಿ ಮುಂದೆ ಹೋಗಿ, ಸ್ಕೂಟರಿಗೆ ಅಡ್ಡ ನಿಂತು, ಒಂದು ಕೈ ಎತ್ತಿದ್ದಳು.

ಸ್ಕೂಟರಿನವನು ಏನೋ ಗೊಣಗಿದ. ಆಮೇಲೆ ಇಂಜಿನ್ ಆಫ್ ಮಾಡಿದ. 

ಆ ಮೌನದಲ್ಲಿ ಅವಳು ತನ್ನ ಎಡಗಾಲಿಗೆ ಕಾದಳು. ಭಾರವನ್ನು ಬಲಕ್ಕೆ ಸರಿಸಿದಳು, ಎಡಕ್ಕೆ ಸರಿಸಿದಳು, ಮತ್ತೆ ಬಲಕ್ಕೆ. ಕೊನೆಗೆ ಎಡ ಹಿಮ್ಮಡಿ ಎದ್ದಿತು. ಉಳಿದ ರಸ್ತೆ ಮುಗಿಯಿತು. ಅಂಗಡಿಯ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿದಳು, ಬೀಗ ತೆಗೆದಳು, ಸ್ಟೂಲಿನ ಮೇಲೆ ಕೂತಳು. ಮಗಳು ಹಿಂದೆಯೇ ಬಂದು ಬೆಂಚಿನ ಮೇಲೆ ಕುಸಿದಳು. ಬೀಗ ಅವಳ ಪಕ್ಕದಲ್ಲೇ ಇತ್ತು, ಕೀ ಅದರಲ್ಲೇ ಇತ್ತು.

"ಎಷ್ಟು ಹೊತ್ತು ನಿಂತಿದ್ದೆ ನಾನು?"

"ಇಲ್ಲಮ್ಮ. ಒಂಚೂರು."

"ಅವನು ಇಂಜಿನ್ ಆಫ್ ಮಾಡಿದ. ನಂಗೆ ಕೇಳಿಸ್ತು." ಮಿಷನಕ್ಕ ಸೆರಗಿನಲ್ಲಿ ಹಣೆ ಒರೆಸಿಕೊಂಡಳು. "ನೀವೆಲ್ಲ ನಂಗೆ ಒಳ್ಳೇದಾಗ್ಲಿ ಅಂತ ಏನೇನೋ ಅಂದ್ರಿ. ನಾನೂ ನಿಮ್ಗೆ ಬೇಜಾರಾಗ್ಬಾರ್ದು ಅಂತ ಸುಮ್ನಿದ್ದೆ. ಅದರಲ್ಲೇ ಕಾಲು ಹೋಯ್ತು. ಇನ್ನು ಬೇಡ ಕಣೇ. ಇದ್ದಿದ್ದು ಹೇಳು."

ಮಗಳು ತಲೆ ತಗ್ಗಿಸಿದಳು.

"ತುಂಬಾ ಹೊತ್ತಮ್ಮ. ನಂಗೆ ಭಯ ಆಯ್ತು."

"ನಂಗೂ."

ಇಬ್ಬರೂ ಬೀದಿ ನೋಡುತ್ತ ಕೂತರು. ಸ್ಕೂಟರು ಯಾವಾಗಲೋ ಹೋಗಿತ್ತು. ಮಗಳ ಕೈ ಒಮ್ಮೆ ಬೀಗದ ಕಡೆ ಹೋಯಿತು. ಅದನ್ನು ಎತ್ತಿಕೊಂಡು, ಭಾರ ನೋಡುವವಳಂತೆ ಹಿಡಿದು, ಹಾಗೇ ಬಾಗಿಲ ಕೊಂಡಿಗೆ ಸಿಕ್ಕಿಸಿದಳು; ಹಗಲು ಹೊತ್ತು ತೆರೆದ ಅಂಗಡಿಯ ಬೀಗ ಇರಬೇಕಾದ ಜಾಗ ಅದೇ. ಎದ್ದು ನಿಂತಳು. ಹೋಗಲಿಲ್ಲ.

"ಸಂಜೆ ಎಷ್ಟೊತ್ತಿಗೆ ಬರ್ಲಿ?"

ಬೇಡ, ನಾನೇ ಬರುತ್ತೇನೆ ಎಂಬ ಮಾತು ಮಿಷನಕ್ಕನ ನಾಲಿಗೆಯ ತುದಿಯವರೆಗೆ ಬಂತು. ಅಷ್ಟು ವರ್ಷ ಹೇಳಿದ ಮಾತು, ತಾನಾಗಿಯೇ ಬರುತ್ತಿತ್ತು. ಅವಳು ಅದನ್ನು ನುಂಗಿಕೊಂಡಳು.

"ಬೀದಿ ದೀಪ ಹತ್ತೋ ಮುಂಚೆ ಬಾ" ಎಂದಳು. ಆಮೇಲೆ, ಇನ್ನೂ ತಗ್ಗಿದ ದನಿಯಲ್ಲಿ, "ರಸ್ತೆ ಹತ್ರ ನಿಂತಿರು. ಸಾಕು."

ಮಗಳು ಹೂಂ ಎಂದು ಮೆಟ್ಟಿಲಿಳಿದಳು. ಮಿಷನಕ್ಕ ಅವಳು ತಿರುವು ದಾಟುವವರೆಗೂ ನೋಡಿದಳು. ಆಮೇಲೆ ಪಾದಗಳನ್ನು ಪೆಡಲಿನ ಮೇಲೆ ಇಟ್ಟು, ಕೈಯಲ್ಲಿ ಗಾಲಿಯನ್ನು ಮುಂದಕ್ಕೆ ತಳ್ಳಿಕೊಟ್ಟಳು.